ಹೋಗದ ಸಂದರ್ಶನ: ಮುಂಬೈ ವಕೀಲಿಕೆಯ ಒಂದು ಪ್ರಕರಣ

ಈ ಪ್ರಕರಣದಲ್ಲಿ ಯಾರ ಕೆಲಸವೂ ಹೋಗಲಿಲ್ಲ, ಯಾರ ಮೇಲೂ ದೂರು ದಾಖಲಾಗಲಿಲ್ಲ. ಒಬ್ಬ ಕಿರಿಯ ವಕೀಲೆ ಒಂದು ಸಂದರ್ಶನಕ್ಕೆ ಹೋಗಲಿಲ್ಲ, ಅಷ್ಟೇ. ಹೋಗದಿದ್ದದ್ದು ಸರಿಯಾಗಿಯೇ ಇತ್ತು. ಬರುವುದಿಲ್ಲ ಎಂದು ತಿಳಿಸಿದ ರೀತಿಯಿಂದ ಮಾತ್ರ ಮೂವರು ಹಿರಿಯರ ಮನಸ್ಸು ನೊಂದಿತು, ಏನೂ ಅರಿಯದ ಕಕ್ಷಿದಾರರೊಬ್ಬರಿಗೂ ತೊಂದರೆ ತಟ್ಟುವುದರಲ್ಲಿತ್ತು. ಇಪ್ಪತ್ತೈದು ವರ್ಷಗಳಿಂದ ಮುಂಬೈಯಲ್ಲಿ ವಕೀಲಿಕೆ ಮಾಡುತ್ತಿರುವ ನನ್ನನ್ನು ಇದು ಬಹಳ ದಿನ ಕಾಡಿತು. ಆದದ್ದನ್ನು ಸರಿಪಡಿಸಲು ನಾನು ಕೊಟ್ಟ ಮೊದಲ ಸಲಹೆಯೇ ತಪ್ಪಾಗಿತ್ತು ಎಂಬುದೂ ಅದಕ್ಕೆ ಕಾರಣ. ಆಕೆಯ ಒಪ್ಪಿಗೆ ಪಡೆದು, ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ಪ್ರಕಟಿಸುವ ಮೊದಲು ಆಕೆ ಇದನ್ನು ಓದಿದ್ದಾಳೆ.

ಹಿನ್ನೆಲೆ

ಆಕೆಯ ಮನೆತನ ಕುಂದಾಪುರದ ಕಡೆಯದು, ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ತಂದೆ ಬೇರೆಯವರ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಮಗಳನ್ನು ಓದಿಸಿದವರು. ಕಾನೂನು ಪದವಿಯಾಯಿತು, ವಕೀಲಿಕೆ ಮಾಡಲು ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತು ಕೊಡುವ ಸನದು ಬಂತು, ಅಖಿಲ ಭಾರತ ವಕೀಲರ ಪರೀಕ್ಷೆಯೂ ಮುಗಿಯಿತು. ಆಮೇಲೆ ಫೋರ್ಟ್ ಭಾಗದ ಒಂದು ಸಣ್ಣ ಚೇಂಬರಿನಲ್ಲಿ ಜೂನಿಯರ್ ಆಗಿ ಸೇರಿಕೊಂಡಳು. ಒಬ್ಬ ಸೀನಿಯರ್, ಇಬ್ಬರು ಜೂನಿಯರ್, ಒಬ್ಬ ಗುಮಾಸ್ತ, ಗೋಡೆಯುದ್ದಕ್ಕೂ ಫೈಲುಗಳ ಕಪಾಟು. ಮೂರು ವರ್ಷ ದುಡಿದು ಕೆಲಸ ಚೆನ್ನಾಗಿ ಕಲಿತಳು. ಸ್ಟೈಪೆಂಡ್ ಮಾತ್ರ ರೈಲಿನ ಪಾಸು, ಮಧ್ಯಾಹ್ನದ ಊಟ, ಮನೆಗೆ ಕೊಡುವ ಸ್ವಲ್ಪ ಹಣಕ್ಕೆ ಮುಗಿದುಹೋಗುತ್ತಿತ್ತು. ತಂದೆಗೆ ಮಂಡಿನೋವು ಶುರುವಾದ ವರ್ಷ ಆಕೆ ಬೇರೆ ಕಡೆ ನೋಡತೊಡಗಿದಳು.

ಇಲ್ಲಿ ರಾಯರು ಬರುತ್ತಾರೆ. ನಮ್ಮ ಕಡೆಯ ಹಿರಿಯ ಸಾಲಿಸಿಟರ್, ಈಗ ನಿವೃತ್ತರು. ಮುಂಬೈಯ ವಕೀಲಿಕೆಗೆ ತನ್ನದೇ ಆದ ಒಂದು ಹಳೆಯ ಸಂಪ್ರದಾಯವಿದೆ. ಹೈಕೋರ್ಟಿನ ಮೂಲ ವ್ಯಾಪ್ತಿಯಲ್ಲಿ, ಅಂದರೆ ನೇರವಾಗಿ ಅಲ್ಲೇ ದಾಖಲಾಗುವ ದಾವೆಗಳಲ್ಲಿ, ಕಕ್ಷಿದಾರರೊಂದಿಗೆ ವ್ಯವಹರಿಸಿ ಕಾಗದಪತ್ರ ಸಿದ್ಧಪಡಿಸುವ ಸಾಲಿಸಿಟರ್ ಬೇರೆ, ವಾದಿಸುವ ವಕೀಲ ಬೇರೆ ಎಂಬ ಪದ್ಧತಿ ಬಹುಕಾಲ ನಡೆದಿತ್ತು. ಆ ಕಡ್ಡಾಯ ಹೋದರೂ ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿಯ ಸಾಲಿಸಿಟರ್ ಪರೀಕ್ಷೆ ಇಂದಿಗೂ ಇದೆ, ಅದಕ್ಕಾಗಿ ಸಾಲಿಸಿಟರ್ ಒಬ್ಬರ ಕೈಕೆಳಗೆ ಆರ್ಟಿಕಲ್‌ಶಿಪ್ ಎಂಬ ತರಬೇತಿ ಪಡೆಯುವವರೂ ಇದ್ದಾರೆ. ಆ ಜಗತ್ತಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ರಾಯರು ಬಲ್ಲಾರ್ಡ್ ಎಸ್ಟೇಟಿನ ಒಂದು ಮಧ್ಯಮ ಗಾತ್ರದ ಕಾನೂನು ಸಂಸ್ಥೆಯ ಪಾಲುದಾರರಿಗೆ ಫೋನ್ ಮಾಡಿ, "ನಮ್ಮ ಊರಿನ ಹುಡುಗಿ, ಡ್ರಾಫ್ಟಿಂಗ್ ಚೆನ್ನಾಗಿ ಬರುತ್ತದೆ, ಒಮ್ಮೆ ನೋಡಿ" ಎಂದರು. ಜೂನ್‌ನಲ್ಲಿ ಅರ್ಜಿ ಹೋಯಿತು. ಜುಲೈಯ ಒಂದು ಶುಕ್ರವಾರ ಹನ್ನೊಂದೂವರೆಗೆ ಸಂದರ್ಶನ ಎಂದು ಮಾನವ ಸಂಪನ್ಮೂಲ ವಿಭಾಗದಿಂದ ಮೇಲ್ ಬಂತು. ಬರುತ್ತೇನೆ ಎಂದು ಆಕೆ ಅಂದೇ ಉತ್ತರಿಸಿದಳು.

ತನ್ನ ಸೀನಿಯರ್‌ಗೆ ಈ ವಿಷಯ ಹೇಳಿರಲಿಲ್ಲ. ಅದನ್ನು ನಾನು ತಪ್ಪೆಂದು ಎಣಿಸುವುದಿಲ್ಲ. ಕೆಲಸ ಗಟ್ಟಿಯಾಗುವ ಮೊದಲೇ ಸೀನಿಯರ್‌ಗೆ ಹೇಳಿ, ಕೈಯಲ್ಲಿದ್ದ ಚೇಂಬರನ್ನೂ ಕಳೆದುಕೊಂಡ ಮಕ್ಕಳನ್ನು ನಾನೇ ಕಂಡಿದ್ದೇನೆ.

ಸೋಮವಾರ ಬಂದ ವಕಾಲತ್ತು

ಸಂದರ್ಶನದ ವಾರದ ಸೋಮವಾರ ಗುಮಾಸ್ತರು ಒಂದು ಕಾಗದವನ್ನು ತಂದು ಆಕೆಯ ಮೇಜಿನ ಮೇಲಿಟ್ಟರು. ಚೇಂಬರಿನ ಒಂದು ದೊಡ್ಡ ವಾಣಿಜ್ಯ ದಾವೆಯಲ್ಲಿ ಎದುರು ಪಕ್ಷದವರು ವಕೀಲರನ್ನು ಬದಲಿಸಿದ್ದರು. ಹಳೆಯ ವಕೀಲರ ಒಪ್ಪಿಗೆ ಪತ್ರದೊಂದಿಗೆ ಹೊಸ ವಕಾಲತ್ತು, ಅಂದರೆ ತಮ್ಮ ಪರ ಹಾಜರಾಗಲು ಕಕ್ಷಿದಾರರು ವಕೀಲರಿಗೆ ಬರೆದುಕೊಡುವ ಅಧಿಕಾರಪತ್ರ. ಭಾರತೀಯ ವಕೀಲರ ಪರಿಷತ್ತಿನ 39ನೇ ನಿಯಮದಂತೆ, ಈಗಾಗಲೇ ಒಬ್ಬರ ವಕಾಲತ್ತು ಇರುವ ಪ್ರಕರಣದಲ್ಲಿ ಅವರ ಒಪ್ಪಿಗೆಯಿಲ್ಲದೆ ಮತ್ತೊಬ್ಬರು ಹಾಜರಾಗುವಂತಿಲ್ಲ. ಒಪ್ಪಿಗೆ ಸಿಗದಿದ್ದರೆ ನ್ಯಾಯಾಲಯವನ್ನೇ ಕೇಳಬೇಕು. ಹಾಗಾಗಿ ಆ ಕಾಗದ ಬಂದದ್ದರಲ್ಲಿ ವಿಶೇಷವೇನಿಲ್ಲ. ಕೆಳಗಿದ್ದ ಮೊಹರು ಮಾತ್ರ ಶುಕ್ರವಾರ ಆಕೆ ಹೋಗಬೇಕಿದ್ದ ಸಂಸ್ಥೆಯದು.

ಆ ದಾವೆಯಲ್ಲಿ ಆಕೆ ಬರೀ ಫೈಲು ಹೊತ್ತವಳಾಗಿರಲಿಲ್ಲ. ಎದುರು ಪಕ್ಷದವರಿಗೆ ಪ್ರಮಾಣ ಮಾಡಿ ಕೊಡುವ ಲಿಖಿತ ಉತ್ತರದ, ಅಂದರೆ ಉತ್ತರದ ಪ್ರಮಾಣಪತ್ರದ, ಕರಡು ಆಕೆಯದೇ. ಕಕ್ಷಿದಾರರೊಂದಿಗಿನ ಮೂರು ಕಾನ್ಫರೆನ್ಸ್‌ಗಳಲ್ಲಿ ಟಿಪ್ಪಣಿ ಬರೆದುಕೊಂಡಿದ್ದಳು. ಎಷ್ಟು ಹಣಕ್ಕೆ ರಾಜಿಗೆ ಇಳಿಯಬಹುದು ಎಂದು ಕಕ್ಷಿದಾರರು ಹೇಳಿದ ಅಂಕಿ ಆಕೆಯ ಕೈಬರಹದಲ್ಲಿ ಫೈಲಿನಲ್ಲಿತ್ತು.

33ನೇ ನಿಯಮ ಇಲ್ಲಿ ಮುಖ್ಯ. ಒಂದು ದಾವೆಗೆ ಸಲಹೆ ಕೊಟ್ಟ, ಅದರ ಪತ್ರಗಳನ್ನು ಬರೆದ ಅಥವಾ ಒಬ್ಬರ ಪರವಾಗಿ ನಡೆದುಕೊಂಡ ವಕೀಲರು ಎದುರು ಪಕ್ಷದ ಪರವಾಗಿ ಕೆಲಸ ಮಾಡುವಂತಿಲ್ಲ ಎನ್ನುತ್ತದೆ ಅದು. ಎದುರು ಪಕ್ಷದ ವಕೀಲರ ಕಚೇರಿಯಲ್ಲಿ ನೌಕರಿ ಹಿಡಿಯಲೇಬಾರದು ಎಂದು ಅದು ಹೇಳುವುದಿಲ್ಲ. ಆ ಒಂದು ದಾವೆಯ ಗಾಳಿಯೂ ಸೋಕದಂತೆ ಹೊಸಬರನ್ನು ದೂರವಿಡುವ ಏರ್ಪಾಡು ಮಾಡಿಕೊಳ್ಳುವ ಸಂಸ್ಥೆಗಳಿವೆ. ಆದರೂ ಸಂದರ್ಶನದ ಮೊದಲ ಪ್ರಶ್ನೆ ಏನಿರುತ್ತದೆಂದು ನಮಗೆಲ್ಲ ಗೊತ್ತು: "ಈಗ ಯಾವ ಮ್ಯಾಟರ್ ನೋಡುತ್ತಿದ್ದೀರಿ?" ಉತ್ತರಿಸಿದರೆ ಕಷ್ಟ, ಉತ್ತರಿಸದಿದ್ದರೆ ಆ ಮೌನವೇ ಒಂದು ಉತ್ತರ. ಕಕ್ಷಿದಾರರು ನಂಬಿ ಹೇಳಿದ್ದನ್ನು ಕಾಪಾಡುವ ಹೊಣೆ ಹಿಂದೆ ಸಾಕ್ಷ್ಯ ಅಧಿನಿಯಮದ 126ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಸಂದರ್ಶನಕ್ಕೆ ಹೋಗಬಾರದು ಎಂದು ಆಕೆ ಸೋಮವಾರ ಮಧ್ಯಾಹ್ನವೇ ತೀರ್ಮಾನಿಸಿದಳು. ಮೂರು ವರ್ಷದ ಅನುಭವದವರಿಗೆ ಇಷ್ಟು ಬೇಗ ಇಷ್ಟು ಸ್ಪಷ್ಟವಾಗಿ ತೋಚಿದ್ದಕ್ಕೆ ನನಗೆ ಈಗಲೂ ಹೆಮ್ಮೆಯಿದೆ.

ನಾಲ್ಕು ದಿನಗಳ ಮೌನ

ತೀರ್ಮಾನ ಸೋಮವಾರದ್ದು, ಸಂಸ್ಥೆಗೆ ಸುದ್ದಿ ತಲುಪಿದ್ದು ಗುರುವಾರ ರಾತ್ರಿ ಒಂಬತ್ತೂ ನಲವತ್ತಕ್ಕೆ. ನಡುವೆ ನಡೆದದ್ದನ್ನು ಆಕೆ ಆಮೇಲೆ ಫೋನಿನಲ್ಲಿ ತೋರಿಸಿದಳು. ಮೂರು ಕರಡುಗಳಿದ್ದವು.

ಮೊದಲನೆಯದು ಒಂದೂವರೆ ಪುಟದ್ದು. ದಾವೆಯ ಹೆಸರು, ತಾನು ಮಾಡಿದ ಕೆಲಸ, 33ನೇ ನಿಯಮ, ಕೊನೆಗೆ "ಈಗ ರಾಜಿಯ ಮಾತುಕತೆಯೂ ನಡೆದಿರುವುದರಿಂದ" ಎಂಬ ಒಂದು ಸಾಲು. ಆ ಸಾಲು ಓದಿದಾಗ ನನ್ನ ಎದೆ ಧಸಕ್ಕೆಂದಿತು. ಈ ಕಡೆಯವರು ರಾಜಿಗೆ ಮನಸ್ಸು ಮಾಡಿದ್ದಾರೆಂದು ಎದುರು ಪಕ್ಷದ ವಕೀಲರಿಗೆ ಬರವಣಿಗೆಯಲ್ಲಿ ತಿಳಿಸಿದಂತಾಗುತ್ತಿತ್ತು. ಪ್ರಾಮಾಣಿಕವಾಗಿರಬೇಕೆಂಬ ಹಂಬಲದಲ್ಲೇ ಕಕ್ಷಿದಾರರ ಗುಟ್ಟು ಬಯಲಾಗುತ್ತಿತ್ತು. ಪುಣ್ಯಕ್ಕೆ ಅದನ್ನು ಕಳಿಸಿರಲಿಲ್ಲ. ಎರಡನೆಯ ಕರಡಿನಲ್ಲಿ "ಅನಿವಾರ್ಯ ಕಾರಣಗಳಿಂದ ಬರಲಾಗುತ್ತಿಲ್ಲ, ಮುಂದಿನ ತಿಂಗಳು ಅವಕಾಶ ಕೊಡಬಹುದೇ" ಎಂದಿತ್ತು. ಮುಂದಿನ ತಿಂಗಳೂ ದಾವೆ ಇರುತ್ತದೆ, ವಕಾಲತ್ತೂ ಇರುತ್ತದೆ. ಅದು ಇಲ್ಲ ಎನ್ನಲಾರದೆ ಮುಂದೂಡುವ ಮಾತು. ಮೂರನೆಯದು ಒಂದೇ ಸಾಲು: ಜ್ವರ ಬಂದಿದೆ.

ರಾಯರಿಗೆ ಹೇಗೆ ಮುಖ ತೋರಿಸುವುದು ಎಂಬ ಅಳುಕೇ ಆಕೆಯ ಬಾಯಿ ಕಟ್ಟಿಹಾಕಿತ್ತು. ಮುಲಾಜಿನ ಮೇಲೆ ಬಂದ ಅವಕಾಶಕ್ಕೆ ಇಲ್ಲ ಎನ್ನುವುದು ನಮ್ಮ ಜನರಿಗೆ ಬಹಳ ಕಷ್ಟ. ಪರವೂರಿನಲ್ಲಿ ಒಬ್ಬರ ಕೈ ಹಿಡಿದು ಇನ್ನೊಬ್ಬರು ಮೇಲೆ ಬಂದ ಸಮುದಾಯ ನಮ್ಮದು. ಹೋಟೆಲಿನಲ್ಲಿ ಕೆಲಸ ಮಾಡುತ್ತ ರಾತ್ರಿಶಾಲೆಯಲ್ಲಿ ಓದಿದ ತಲೆಮಾರಿನ ನೆನಪು ಇನ್ನೂ ಹಸಿಯಾಗಿದೆ. "ಅವರು ಹೇಳಿದ ಮೇಲೂ ಹೋಗಲಿಲ್ಲ" ಎಂಬ ಮಾತು ಬಂದರೆ ತಂದೆಯ ಮರ್ಯಾದೆಗೇ ಕುಂದು ಎಂದು ಆಕೆಗೆ ಅನಿಸಿತ್ತು. ಈ ಭಯವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಅದರ ಬೆಲೆ ತೆತ್ತವರು ಮಾತ್ರ ರಾಯರೇ.

ಗುರುವಾರ ರಾತ್ರಿ ಮೂರನೆಯ ಕರಡು ವಾಟ್ಸ್ಆ್ಯಪ್‌ನಲ್ಲಿ ಹೋಯಿತು. ಅದೂ ಮೇಲ್ ಕಳಿಸಿದ್ದ ಅಧಿಕಾರಿಗಲ್ಲ. ಆ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಕಾಲೇಜಿನ ಗೆಳತಿಗೆ, "ಅವರಿಗೆ ತಿಳಿಸಿಬಿಡು" ಎಂದು.

ಶುಕ್ರವಾರ, ಹೈಕೋರ್ಟಿನ ಮೊಗಸಾಲೆ

ಅಂದು ಮಳೆ ಜೋರಾಗಿತ್ತು. ಸೀನಿಯರ್‌ರ ಬೇರೊಂದು ಮ್ಯಾಟರ್ ಬೋರ್ಡಿನಲ್ಲಿ, ಅಂದರೆ ಅಂದಿನ ವಿಚಾರಣೆಗಳ ಪಟ್ಟಿಯಲ್ಲಿ, ಮೇಲಕ್ಕೆ ಬಂದಿದ್ದರಿಂದ ಆಕೆಯನ್ನು ಬೆಳಿಗ್ಗೆಯೇ ಕರೆಸಿದರು. ಹನ್ನೊಂದರ ಸುಮಾರಿಗೆ ಪ್ಲಾಸ್ಟಿಕ್ ಹೊದಿಸಿದ ಬಂಡಲುಗಳನ್ನು ಎದೆಗೊತ್ತಿಕೊಂಡು ಆಕೆ ಮೊಗಸಾಲೆಯ ಕಂಬದ ಬಳಿ ನಿಂತಿದ್ದಳು. ಗೌನಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಸಂಸ್ಥೆಯ ಪಾಲುದಾರರು ಅದೇ ದಾರಿಯಲ್ಲಿ ಬಂದರು. ಸಂದರ್ಶನಕ್ಕೆಂದು ಬೆಳಗಿನ ಹೊತ್ತನ್ನು ಬಿಡುವಾಗಿಟ್ಟು, ಕೋರ್ಟಿಗೆ ಸಹೋದ್ಯೋಗಿಯನ್ನು ಕಳಿಸುವ ಏರ್ಪಾಡು ಮಾಡಿದ್ದರಂತೆ. ಅದು ರದ್ದಾದ್ದರಿಂದ ತಾವೇ ಬಂದಿದ್ದರು.

ಸೀನಿಯರ್ ನಿಂತು ಕೈಕುಲುಕಿದರು. ಹೊಸ ವಕಾಲತ್ತಿನ ಮಾತು ಬಂತು. "ಇವಳು ನನ್ನ ಜೂನಿಯರ್" ಎಂದು ಹೆಸರು ಹೇಳಿ ಪರಿಚಯಿಸಿದರು. ಪಾಲುದಾರರು ಆಕೆಯ ಮುಖವನ್ನೊಮ್ಮೆ, ಬಂಡಲುಗಳನ್ನೊಮ್ಮೆ ನೋಡಿದರು.

"ಜ್ವರ ಇಳಿಯಿತೇ?"

ಅಷ್ಟೇ ಕೇಳಿ ಒಳಗೆ ಹೋದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲವಂತೆ, ಅದೇ ಹೆಚ್ಚು ನೋಯಿಸಿತು ಎಂದಳು. ಸೀನಿಯರ್ ತಿರುಗಿ ನೋಡಿದರು. ಆಗ ಆಕೆಯ ಬಾಯಿಂದ ಮಾತು ಹೊರಡಲಿಲ್ಲ, ಮ್ಯಾಟರ್ ಕರೆಯುವ ಹೊತ್ತೂ ಆಗಿತ್ತು. ಸಂಜೆಯವರೆಗೆ ಅವರು ಏನೂ ಕೇಳಲಿಲ್ಲ. ಆರು ಗಂಟೆಗೆ ಆ ವಾಣಿಜ್ಯ ದಾವೆಯ ಫೈಲನ್ನು ತರಿಸಿಕೊಂಡು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಆ ಬೀಗದ ಸದ್ದು ಕೇಳಿದಾಗ ಆಕೆಗೆ ಪೂರ್ತಿ ಚಿತ್ರ ಕಣ್ಣಿಗೆ ಕಟ್ಟಿತು. ತನ್ನ ಜೂನಿಯರ್ ಎದುರು ಪಕ್ಷದ ವಕೀಲರೊಂದಿಗೆ ಗುಟ್ಟಾಗಿ ವ್ಯವಹರಿಸುತ್ತಿದ್ದಾಳೆ ಎಂದು ಸೀನಿಯರ್‌ಗೆ ಕಾಣುತ್ತಿತ್ತು. ಕೆಲಸ ಬೇಡವಾದಾಗ ಸುಳ್ಳು ಹೇಳುವವಳು ಎಂದು ಪಾಲುದಾರರಿಗೆ ಕಾಣುತ್ತಿತ್ತು. ಎರಡೂ ನಿಜವಲ್ಲ. ನಿಜವಾದ ಕಾರಣ ಇಬ್ಬರ ಮುಂದೆಯೂ ತಲೆಯೆತ್ತಿ ಹೇಳುವಂಥದ್ದಾಗಿತ್ತು. ಒಂದು ಸಾಲಿನ ಜ್ವರ ಅದನ್ನು ಮುಚ್ಚಿಬಿಟ್ಟಿತ್ತು.

ಏನೇನು ಪ್ರಯತ್ನಿಸಿದೆವು

ಶನಿವಾರ ಸಂಜೆ ನಾನೂ ಆಕೆಯೂ ಮಾಟುಂಗಾದಲ್ಲಿ ಭೇಟಿಯಾದೆವು. ಕಾಫಿ ತರಿಸಿದರೆ ಲೋಟ ತಣ್ಣಗಾಗುವವರೆಗೂ ಮುಟ್ಟಲಿಲ್ಲ. "ಅಕ್ಕ, ನಾನು ಮೊದಲು ಯಾರ ಹತ್ತಿರ ಹೋಗಬೇಕು?" ಎಂದಳು.

ನಾನು ಪಾಲುದಾರರು ಎಂದೆ. ತಕ್ಷಣ ಕ್ಷಮೆ ಕೇಳಿ ಪತ್ರ ಬರೆ, ನಿಜವಾದ ಕಾರಣ ತಿಳಿಸು ಎಂದು ಹೇಳಿ ಅಲ್ಲೇ ಕರಡು ಬರೆಸತೊಡಗಿದೆ. ಅದರಲ್ಲಿ "ಈ ಪ್ರಕರಣದಲ್ಲಿ ನಮ್ಮ ಉತ್ತರದ ಪ್ರಮಾಣಪತ್ರವನ್ನು ಸಿದ್ಧಪಡಿಸಿದವಳು ನಾನೇ" ಎಂದು ಬರೆಸಿದೆ. ಕಾರಣಕ್ಕೆ ತೂಕ ಬರಲಿ ಎಂಬುದು ನನ್ನ ಉದ್ದೇಶ. ಆಕೆ ಬರೆಯುತ್ತ ಬರೆಯುತ್ತ ನಿಲ್ಲಿಸಿದಳು. "ಇದನ್ನು ಕಳಿಸಲು ಸರ್ ಒಪ್ಪಿಗೆ ಬೇಡವೇ? ಚೇಂಬರಿನಲ್ಲಿ ಯಾರು ಏನು ಬರೆದರೆಂದು ಎದುರಿನವರಿಗೆ ಹೇಳಲು ನಾನು ಯಾರು?" ಎಂದು ಕೇಳಿದಳು. ಆಕೆ ಹೇಳಿದ್ದು ಸರಿ. ಕೆಟ್ಟ ಹೆಸರನ್ನು ಬೇಗ ತೊಳೆದುಕೊಳ್ಳಬೇಕೆಂಬ ಆತುರದಲ್ಲಿ ನಾನು ಕಕ್ಷಿದಾರರನ್ನೇ ಮರೆತಿದ್ದೆ. ಮೊದಲ ಮಾತು ಸೀನಿಯರ್ ಜೊತೆ ಆಗಬೇಕಿತ್ತು. ಅದು ಆಕೆಯ ಮಾನದ ಪ್ರಶ್ನೆಯಷ್ಟೇ ಆಗಿರಲಿಲ್ಲ. ತಮ್ಮ ಗುಟ್ಟು ಬಲ್ಲ ಜೂನಿಯರ್ ಎದುರು ಪಕ್ಷದ ವಕೀಲರ ಕಚೇರಿಗೆ ಅರ್ಜಿ ಹಾಕಿದ್ದಳು ಎಂಬುದನ್ನು ಕಕ್ಷಿದಾರರಿಗೆ ತಿಳಿಸಬೇಕೋ ಬೇಡವೋ ಎಂದು ನಿರ್ಧರಿಸುವವರು ಸೀನಿಯರ್. ಅವರಿಗೆ ಪೂರ್ತಿ ವಿವರ ಸಿಗಲೇಬೇಕು.

ಸೋಮವಾರ ಬೆಳಿಗ್ಗೆ ಆಕೆ ಸೀನಿಯರ್ ಮುಂದೆ ಕುಳಿತು ದಿನಾಂಕಗಳ ಸಮೇತ ಹೇಳಿದಳು. ಅರ್ಜಿ ಹೋದದ್ದು ಜೂನ್‌ನಲ್ಲಿ, ವಕಾಲತ್ತು ಬಂದದ್ದು ಜುಲೈಯಲ್ಲಿ, ನಡುವೆ ಸಂದರ್ಶನದ ಕರೆ ಮತ್ತು ಅದಕ್ಕೆ ಕೊಟ್ಟ ಉತ್ತರ ಬಿಟ್ಟರೆ ಆ ಸಂಸ್ಥೆಯವರೊಂದಿಗೆ ಒಂದು ಮಾತೂ ಆಗಿಲ್ಲ. ಮೇಲ್‌ಗಳನ್ನು ತೆರೆದು ತೋರಿಸಿದಳು. ಅವರು ಎಲ್ಲವನ್ನೂ ಓದಿ ಕೇಳಿದ್ದು ಒಂದೇ ಪ್ರಶ್ನೆ: "ವಕಾಲತ್ತು ಬಂದ ದಿನವೇ ನನಗೇಕೆ ಹೇಳಲಿಲ್ಲ?" ಬೇರೆ ಕೆಲಸ ಹುಡುಕಿದ್ದಕ್ಕೆ ಒಂದು ಮಾತೂ ಆಡಲಿಲ್ಲ. ಅಂದೇ ಕಕ್ಷಿದಾರರಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ಕಕ್ಷಿದಾರರು ಆಕೆಯನ್ನು ರಾಜಿಯ ಮಾತುಕತೆಯಿಂದ ಹೊರಗಿಡಲು ಕೇಳಿದರು. ಬೀಗ ಹಾಗೆಯೇ ಉಳಿಯಿತು.

ಪಾಲುದಾರರಿಗೆ ಹೋದ ಪತ್ರವನ್ನು ಸೀನಿಯರ್ ಓದಿ ಒಪ್ಪಿದ ಮೇಲೆ ಕಳಿಸಿದಳು. ಕನ್ನಡದಲ್ಲಿ ಹೇಳುವುದಾದರೆ ಅದು ಇಷ್ಟೇ: "ಶುಕ್ರವಾರದ ಸಂದರ್ಶನಕ್ಕೆ ನಾನು ಬರಲಿಲ್ಲ. ಅದಕ್ಕೆ ಕೊಟ್ಟ ಕಾರಣ ನಿಜವಲ್ಲ, ಅದಕ್ಕಾಗಿ ಕ್ಷಮೆ ಕೇಳುತ್ತೇನೆ. ನಮ್ಮ ಎರಡೂ ಕಚೇರಿಗಳು ಒಂದು ಪ್ರಕರಣದಲ್ಲಿ ಎದುರುಬದುರಾಗಿರುವುದರಿಂದ ಬರುವುದು ಸರಿಯಲ್ಲವೆಂದು ನನಗೆ ಅನಿಸಿತ್ತು, ಅದನ್ನು ಸೋಮವಾರವೇ ತಿಳಿಸಬೇಕಿತ್ತು. ನೀವು ನನಗಾಗಿ ತೆಗೆದಿಟ್ಟ ಸಮಯಕ್ಕೆ ಕೃತಜ್ಞಳಾಗಿದ್ದೇನೆ." ಎರಡು ಕಚೇರಿಗಳು ಎದುರುಬದುರು ಎಂಬುದು ನ್ಯಾಯಾಲಯದ ದಾಖಲೆಯಲ್ಲೇ ಇದೆ. ಹಾಗಾಗಿ ಅದನ್ನು ಹೇಳಬಹುದು. ಅದರಾಚೆಗಿನ ಒಂದಕ್ಷರವೂ ಪತ್ರದಲ್ಲಿಲ್ಲ. ಸಂಜೆಯೊಳಗೆ ಎರಡು ಸಾಲಿನ ಉತ್ತರ ಬಂತು: ಕಾರಣ ಸರಿಯಾಗಿದೆ, ಅದನ್ನೇ ಹೇಳಿದ್ದರೆ ನಿಮ್ಮ ಬಗ್ಗೆ ಗೌರವ ಹೆಚ್ಚುತ್ತಿತ್ತು.

ರಾಯರ ಮನೆಗೆ ತಂದೆಯನ್ನು ಕರೆದುಕೊಂಡು ಹೋದಳು. ಪಾಲುದಾರರು ಶುಕ್ರವಾರವೇ ಅವರಿಗೆ ಫೋನ್ ಮಾಡಿದ್ದರಂತೆ. ಸೋಮವಾರದಿಂದ ಗುರುವಾರದವರೆಗೆ ಒಂದು ಫೋನ್ ಬಂದಿದ್ದರೆ ನಾನೇ ಪಾಲುದಾರರಿಗೆ ಹೇಳಿ ಮುಗಿಸುತ್ತಿದ್ದೆ ಎಂದರು ರಾಯರು. ನಲವತ್ತು ವರ್ಷದ ಒಡನಾಟ, ಎರಡು ನಿಮಿಷದ ಮಾತು. ಕಾಫಿ ಕೊಟ್ಟರು, ತಂದೆಯ ಮಂಡಿನೋವು ವಿಚಾರಿಸಿದರು, ಬೇರೇನೂ ಹೇಳಲಿಲ್ಲ.

ಇದರಿಂದ ನಾನು ಕಲಿತದ್ದು

33, 39ನೇ ನಿಯಮಗಳಿರುವ ಅಧ್ಯಾಯದ ಹೆಸರೇ "ವೃತ್ತಿಪರ ನಡವಳಿಕೆ ಮತ್ತು ಶಿಷ್ಟಾಚಾರದ ಮಾನದಂಡಗಳು". ನ್ಯಾಯಾಲಯ, ಕಕ್ಷಿದಾರ, ಎದುರು ಪಕ್ಷ, ಸಹೋದ್ಯೋಗಿ, ಎಲ್ಲರ ಬಗ್ಗೆಯೂ ಅಲ್ಲಿ ಹೇಳಿದೆ. ಸಂದರ್ಶನಕ್ಕೆ ಇಲ್ಲ ಎನ್ನುವುದು ಹೇಗೆಂದು ಹೇಳಿಲ್ಲ. ಅದನ್ನು ಹಿರಿಯರ ಬಾಯಿಂದಲೇ ಕಲಿಯಬೇಕು, ನಾವು ಹಿರಿಯರು ಅದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಮಕ್ಕಳು ಎಡವಿದ ಮೇಲೆ "ಇಷ್ಟೂ ಗೊತ್ತಾಗುವುದಿಲ್ಲವೇ" ಎನ್ನುತ್ತೇವೆ. ಈಗ ನನ್ನ ಬಳಿ ಬರುವ ಕಿರಿಯರಿಗೆ ನಾನು ಕೆಲವು ಮಾತು ಮೊದಲೇ ಹೇಳುತ್ತೇನೆ.

ಬರುವುದಿಲ್ಲ ಎಂದು ಮನಸ್ಸು ಮಾಡಿದ ದಿನವೇ ತಿಳಿಸಬೇಕು. ಸಂದರ್ಶನಕ್ಕೆ ಎರಡು ಮೂರು ದಿನವಿದ್ದರೆ ಕರೆದವರ ಮೇಲ್‌ಗೇ ಉತ್ತರಿಸಿದರೆ ಸಾಕು. ಒಂದೇ ದಿನ ಉಳಿದಿದ್ದರೆ ಫೋನ್ ಮಾಡಿ, ಆಮೇಲೆ ಮೇಲ್ ಕಳಿಸಬೇಕು. ಗೆಳತಿಯ ಕೈಯಲ್ಲಿ ಹೇಳಿಸಿದರೆ ಆ ಗೆಳತಿಯನ್ನೂ ಸುಳ್ಳಿಗೆ ಸಾಕ್ಷಿ ಮಾಡಿದಂತೆ. ಸೀನಿಯರ್ ವಕೀಲರ ಚೇಂಬರಿನ ಮಾತು ಬೇರೆ. ಅಲ್ಲಿ ಮೇಲ್ ಇರುವುದಿಲ್ಲ, "ಆರು ಗಂಟೆಗೆ ಬಂದು ಕಾಣು" ಎಂದು ಮೊಗಸಾಲೆಯಲ್ಲೇ ಹೇಳಿರುತ್ತಾರೆ. ಹಾಗೆ ಕರೆದವರಿಗೆ ಖುದ್ದಾಗಿ ಹೋಗಿ, ನಿಂತೇ ಆದರೂ ಸರಿ, "ಈಗ ಬರುವ ಸ್ಥಿತಿಯಲ್ಲಿಲ್ಲ ಸರ್" ಎನ್ನಬೇಕು. ಅದಕ್ಕೆ ಬೇಕಾಗುವುದು ಅರ್ಧ ನಿಮಿಷ.

ಕಾರಣ ಹೇಳಲೇಬೇಕೆಂಬ ಕಡ್ಡಾಯವಿಲ್ಲ. ಈಗಿರುವಲ್ಲೇ ಮುಂದುವರಿಯಲು ತೀರ್ಮಾನಿಸಿದ್ದೇನೆ ಎಂಬುದು ನಿಜವಾಗಿದ್ದರೆ ಅದೇ ಸಾಕು, ಯಾರೂ ಮುಂದೆ ಕೆದಕುವುದಿಲ್ಲ. ಹೇಳುವುದಾದರೆ ನಿಜವನ್ನೇ ಹೇಳಬೇಕು, ದಾಖಲೆಯಲ್ಲಿರುವಷ್ಟೇ ಹೇಳಬೇಕು. ಸುಳ್ಳು ಎಲ್ಲ ಕಡೆಯೂ ಕೆಟ್ಟದ್ದೇ. ನಮ್ಮ ವೃತ್ತಿಯಲ್ಲಿ ಮಾತ್ರ ಅದಕ್ಕೆ ಇನ್ನೊಂದು ಹೊರೆಯಿದೆ. ನಾಳೆ ಇದೇ ವಕೀಲೆ ಎದ್ದು ನಿಂತು, ಮುಂದಿನ ತಾರೀಖಿನೊಳಗೆ ಪ್ರತಿ ತಲುಪಿಸುತ್ತೇನೆ ಎಂದಾಗ ಎದುರಿನ ವಕೀಲರು ಅದನ್ನು ನಂಬಬೇಕು. ಕೋರ್ಟಿನ ದಿನನಿತ್ಯದ ಕೆಲಸ ನಡೆಯುವುದೇ ಅಂಥ ಬಾಯಿಮಾತಿನ ಮೇಲೆ.

ಶಿಫಾರಸು ಮಾಡಿದವರಿದ್ದರೆ ಅವರಿಗೆ ಸುದ್ದಿ ಸಂಸ್ಥೆಗಿಂತ ಮೊದಲು ಹೋಗಬೇಕು, ಕನಿಷ್ಠ ಅದೇ ಗಳಿಗೆಯಲ್ಲಾದರೂ ಹೋಗಬೇಕು. ಅವರು ಬೇರೆಯವರಿಂದ ಕೇಳಿ ತಿಳಿಯುವಂತಾಗಬಾರದು. ಸಂದರ್ಶನ ಮಾಡುವವರ ಮೇಲೆ ಯಾವ ಹೊಣೆಯನ್ನೂ ಹಾಕದೆ ಬರೆದಿದ್ದೇನೆ ಎಂದು ಯಾರಾದರೂ ಆಕ್ಷೇಪಿಸಬಹುದು. ತಿಂಗಳುಗಟ್ಟಲೆ ಉತ್ತರವನ್ನೇ ಕೊಡದ ಸಂಸ್ಥೆಗಳಿವೆ, ಮೂರು ಗಂಟೆ ಕಾಯಿಸಿ ನಾಳೆ ಬಾ ಎನ್ನುವ ಸೀನಿಯರ್‌ಗಳಿದ್ದಾರೆ. ಅದು ಅವರ ಲೋಪ, ಅದರ ಬಗ್ಗೆ ನನಗೆ ಕೋಪವೂ ಇದೆ. ಅವರು ಹಾಗಿದ್ದಾರೆಂದು ನಮ್ಮ ಮಕ್ಕಳು ತಮ್ಮ ಮಾತನ್ನು ಹಗುರ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಆಮೇಲೆ

ಆ ದಾವೆ ಮುಂದಿನ ವರ್ಷ ರಾಜಿಯಲ್ಲಿ ಮುಗಿಯಿತು. ಆಕೆ ಅದೇ ಚೇಂಬರಿನಲ್ಲಿದ್ದಾಳೆ, ಸ್ಟೈಪೆಂಡ್ ಸ್ವಲ್ಪ ಏರಿದೆ. ನಡುವೆ ಒಂದು ಕಂಪನಿಯ ಕಾನೂನು ವಿಭಾಗದಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಪೂರ್ಣಾವಧಿಯ ಸಂಬಳದ ನೌಕರಿ ಹಿಡಿದರೆ 49ನೇ ನಿಯಮದಂತೆ ವಕೀಲಿಕೆ ನಿಲ್ಲಿಸಬೇಕು. ಆಕೆಗೆ ಕೋರ್ಟು ಬಿಡುವ ಮನಸ್ಸಿರಲಿಲ್ಲ. ಮೇಲ್ ಬಂದ ದಿನ ಮಧ್ಯಾಹ್ನವೇ ಮೂರು ಸಾಲಿನ ಉತ್ತರ ಕಳಿಸಿ, ಸಂಜೆ ನನಗೆ ತೋರಿಸಿದಳು.

ರಾಯರು ಆ ಮೇಲೆ ಇಬ್ಬರು ಹುಡುಗಿಯರ ಹೆಸರನ್ನು ಬೇರೆ ಸಂಸ್ಥೆಗಳಿಗೆ ಹೇಳಿದ್ದಾರೆ. ಹೇಳುವ ಮೊದಲು ಇಬ್ಬರನ್ನೂ "ಕರೆದರೆ ಹೋಗುತ್ತೀಯಲ್ಲ?" ಎಂದು ಎರಡೆರಡು ಸಲ ಕೇಳಿದರಂತೆ. ಮೊದಲು ಹಾಗೆ ಕೇಳುವವರಾಗಿರಲಿಲ್ಲ. ದೀಪಾವಳಿಗೆ ಆಕೆ ಅವರ ಮನೆಗೆ ಸಿಹಿ ಕೊಂಡುಹೋಗುತ್ತಾಳೆ, ಅವರು ಕೂರಿಸಿ ಮಾತನಾಡಿಸುತ್ತಾರೆ. ಆ ಶುಕ್ರವಾರದ ವಿಷಯವನ್ನು ಇಬ್ಬರೂ ಎತ್ತಿಲ್ಲ. ಆಕೆಗಾಗಿ ಅವರು ಮತ್ತೆ ಯಾರಿಗೂ ಫೋನ್ ಮಾಡಿಲ್ಲ, ಮಾಡಿ ಎಂದು ಆಕೆಯೂ ಕೇಳಿಲ್ಲ.